ಮಾತು ನಿಲ್ಲುವ ಮಹಡಿ

ಟೈಲರಮ್ಮನಿಗೂ ಪಿ.ಟಿ. ಮೇಡಂಗೂ ಒಂದೇ ದಿನ ಒಂದೇ ಬಗೆಯ, ಹೆಜ್ಜೆ ಎಣಿಸುವ ಕೈಗಡಿಯಾರ ಬಂತು. ತಂದುಕೊಟ್ಟವಳು ಟೈಲರಮ್ಮನಿಗೆ ಮಗಳು, ಮೇಡಂಗೆ ಸೊಸೆ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಟ್ಟರೆ ಏನಾಗುತ್ತದೆ ಎಂಬುದು ಆ ಜಾಣೆಗೆ ಚೆನ್ನಾಗಿ ಗೊತ್ತಿತ್ತು. ಇಬ್ಬರಿಗೂ ಒಂದೇ ತರಹದ್ದು ಕೊಟ್ಟರೆ ಏನಾಗುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಟೈಲರಮ್ಮನ ರಕ್ತಪರೀಕ್ಷೆ. "ಸಕ್ಕರೆ ಹೊಸ್ತಿಲ ಮೇಲೆ ಬಂದು ನಿಂತಿದೆ, ಒಳಗೆ ಬರಲೋ ಬೇಡವೋ ಅಂತ ನೋಡ್ತಾ ಇದೆ" ಎಂದು ಡಾಕ್ಟರು ತಮಾಷೆಯಾಗಿ ಶುರು ಮಾಡಿ, "ದಿನಾ ನಡೀಬೇಕು, ಮೆಟ್ಟಿಲು ಹತ್ತಬೇಕು" ಎಂದು ಗಂಭೀರವಾಗಿ ಮುಗಿಸಿದ್ದರು. ಟೈಲರಮ್ಮ ನಡೆಯುತ್ತಿದ್ದದ್ದೆಂದರೆ ಮೆಷಿನ್ನಿನಿಂದ ಬಟ್ಟೆ ಕತ್ತರಿಸುವ ಮೇಜಿಗೆ, ಮೇಜಿನಿಂದ ಪರದೆಯ ಆಚೆಗಿನ ಅಡುಗೆಮನೆಗೆ. ಅಂಗಡಿ, ಮನೆ ಎರಡೂ ಒಂದೇ ಸೂರಿನಡಿ. ಮುಂದಿನ ಕೋಣೆಯ ಕಿಟಕಿ ಪಕ್ಕದಲ್ಲಿ ಅವಳ ಕಾಲ್ತುಳಿತದ ಮೆಷಿನ್ನು, ಹಿಂದಿನ ಮೂಲೆಯಲ್ಲಿ ಗಂಡನ ಇಸ್ತ್ರಿ ಮೇಜು. ಅವಳು ಹೊಲಿದದ್ದನ್ನು ಅವನು ಇಸ್ತ್ರಿ ಮಾಡಿ ಮಡಚುತ್ತಿದ್ದ. ಮಾತಿನ ಕೆಲಸವನ್ನು ಪೂರ್ತಿ ಹೆಂಡತಿಗೇ ಬಿಟ್ಟುಕೊಟ್ಟು ನೆಮ್ಮದಿಯಾಗಿದ್ದ. ಟೈಲರಮ್ಮನಾದರೋ ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಗಿರಾಕಿಗೆ ಇಡೀ ಬೀದಿಯ ವರ್ತಮಾನ ಹೇಳಬಲ್ಲವಳು.

ಪಿ.ಟಿ. ಮೇಡಂ ಬೇರೆಯೇ ಅಚ್ಚಿನವರು. ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು. ಎತ್ತರದ ನಿಲುವು, ನೆಟ್ಟಗಿನ ಬೆನ್ನು. ಕರೆದರೆ ಸೀಟಿ ಊದಿದ ಹಾಗೆ ಬೀದಿಯ ಆ ತುದಿಗೂ ಕೇಳುತ್ತಿತ್ತು. ಅದೇ ಬೀದಿಯ ಕೊನೆಯ ಕಟ್ಟಡದ ಐದನೇ ಮಹಡಿಯಲ್ಲಿ ಮಗ ಸೊಸೆಯೊಂದಿಗೆ ಇದ್ದರು. ಲಿಫ್ಟ್ ಇದ್ದರೂ ಅದರ ಗುಂಡಿಯನ್ನು ಅವರು ಒತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಮೂರು ವರ್ಷದ ಮೊಮ್ಮಗಳು ಬೆಳಗಾದರೆ ಏಳುವುದು ಅವರ ಮಗ್ಗುಲಲ್ಲಿ. ಟೈಲರಮ್ಮನ ಪಾಲಿಗೆ ಬರುತ್ತಿದ್ದುದು ಭಾನುವಾರದ ಮೊಮ್ಮಗಳು. ಅದೊಂದು ಸಣ್ಣ ಮುಳ್ಳು ಮೊದಲಿನಿಂದಲೂ ಇತ್ತು. ಹಾಗಂತ ಜಗಳವೇನೂ ಇರಲಿಲ್ಲ. "ಬನ್ನಿ ಬೀಗ್ರೇ, ಕೂತ್ಕೊಳ್ಳಿ ಬೀಗ್ರೇ" ಎಂಬ ಉಪಚಾರದಲ್ಲೇ ಇಬ್ಬರೂ ಒಬ್ಬರನ್ನೊಬ್ಬರು ಮೀರಿಸಲು ನೋಡುತ್ತಿದ್ದರು. ಇವಳು ಮೊಮ್ಮಗಳಿಗೆ ಫ್ರಾಕು ಹೊಲಿದು ಕಳಿಸಿದರೆ ಅವರು ಅದಕ್ಕೊಪ್ಪುವ ಬೂಟು ಕೊಡಿಸುತ್ತಿದ್ದರು.

ಗಡಿಯಾರ ಬಂದ ರಾತ್ರಿಯೇ ಅಳಿಯ ಫೋನಿನಲ್ಲಿ ಒಂದು ಗ್ರೂಪ್ ಮಾಡಿದ. ಊಟದ ಹೊತ್ತಿಗೆ ಎಲ್ಲರ ದಿನದ ಹೆಜ್ಜೆಯ ಲೆಕ್ಕ ಅದರಲ್ಲಿ ತಾನಾಗಿ ಬಂದು ಬೀಳುವ ಏರ್ಪಾಡು. ಮೊದಲ ದಿನ ಮೇಡಂ ಲೆಕ್ಕ ಟೈಲರಮ್ಮನದಕ್ಕೆ ಐದು ಪಟ್ಟು ಇತ್ತು. ಅಳಿಯ ಒಳ್ಳೆಯವನು, ಯಾರ ಮನಸ್ಸನ್ನೂ ನೋಯಿಸದವನು. ಬರೆದ: "ಅಮ್ಮಾ, ಸೂಪರ್! ಅತ್ತೆ, ಪರವಾಗಿಲ್ಲ."

"ನೋಡಿದ್ರಾ?" ಎಂದಳು ಟೈಲರಮ್ಮ ಗಂಡನಿಗೆ. "ಪರವಾಗಿಲ್ಲವಂತೆ! ಬೈದಿದ್ರೂ ಇಷ್ಟು ಉರೀತಿರಲಿಲ್ಲ."

ಗಂಡ ತಟ್ಟೆ ತೊಳೆಯಲು ಎದ್ದ.

ಮಾರನೆಯ ದಿನ ಬೆಳಿಗ್ಗೆ ಅವಳು ಹಟ ತೊಟ್ಟು ಮೇಡಂ ಜೊತೆ ಪಾರ್ಕಿಗೆ ಹೊರಟಳು. ಜೊತೆ ಎಂದರೆ ಗೇಟಿನವರೆಗೆ. ಅಲ್ಲಿಂದಾಚೆ ಮೇಡಂ ಬೆನ್ನು ಮಾತ್ರ ಕಂಡಿತು, ಆಮೇಲೆ ಅದೂ ಇಲ್ಲ. ಒಂದು ಸುತ್ತು ಮುಗಿಸಿ ಹಿಂದಿನಿಂದ ಬಂದ ಮೇಡಂ, "ನಿಧಾನವಾಗಿ ಬನ್ನಿ ಬೀಗ್ರೇ, ಅವಸರ ಏನಿಲ್ಲ!" ಎಂದು ಪ್ರೀತಿಯಿಂದಲೇ ಹೇಳಿ ಮುಂದೆ ಹೋದರು. ಅವರು ಎರಡನೇ ಸಲ ಹಿಂದಿನಿಂದ ಬಂದಾಗ ಟೈಲರಮ್ಮ ಬೆಂಚಿನ ಮೇಲೆ ಕೂತು, ಚಪ್ಪಲಿಯ ಪಟ್ಟಿ ಸರಿಮಾಡುವವಳಂತೆ ತಲೆ ತಗ್ಗಿಸಿದ್ದಳು. ಪಟ್ಟಿ ಸರಿಯಾಗಿಯೇ ಇತ್ತು. ನಡಿಗೆಗಿಂತ ಹೆಚ್ಚು ಅವಳನ್ನು ಕಾಡಿದ್ದು ಇನ್ನೊಂದು. ಅಷ್ಟು ಹೊತ್ತಿನಲ್ಲಿ ಒಂದೇ ಒಂದು ಮಾತು ಆಡಲು ಆಗಿರಲಿಲ್ಲ. ಮರುದಿನದಿಂದ ಅವಳು ಪಾರ್ಕಿನ ಕಡೆ ತಲೆ ಹಾಕಲಿಲ್ಲ.

ಶಾಲೆಗಳು ತೆರೆಯುವ ಕಾಲ ಬಂತು. ಯೂನಿಫಾರ್ಮಿನ ರಾಶಿ ಮೇಜಿನಿಂದ ನೆಲಕ್ಕಿಳಿದು ಬಾಗಿಲವರೆಗೆ ಹರಡಿತು. ಅಂಥ ಒಂದು ಮಧ್ಯಾಹ್ನ ಗಡಿಯಾರದ ಬಕಲ್ ಒಂದು ನೀಲಿ ಸ್ಕರ್ಟಿನ ನೆರಿಗೆಗೆ ಸಿಕ್ಕಿ ಎಳೆ ಎಳೆಯಿತು. "ಹಾಳಾದ್ದು!" ಎಂದು ಬಿಚ್ಚಿದಳು. ಎಲ್ಲಿಡುವುದು? ಮೇಜಿನ ಮೇಲಿಟ್ಟರೆ ಬಟ್ಟೆಯಡಿ ಮಾಯವಾಗುತ್ತದೆ. ಬಗ್ಗಿ ಬಲ ಕಣಕಾಲಿಗೆ ಬಿಗಿದು, ಮೆಷಿನ್ ತುಳಿಯತೊಡಗಿದಳು.

ಆ ರಾತ್ರಿ ಗ್ರೂಪಿನಲ್ಲಿ ಅವಳ ಲೆಕ್ಕ ಮೇಡಂ ಲೆಕ್ಕವನ್ನು ದಾಟಿ ನಿಂತಿತ್ತು. ಅಳಿಯ ಚಪ್ಪಾಳೆಯ ಸಾಲನ್ನೇ ಹಾಕಿದ್ದ. ಮಗಳು ಫೋನ್ ಮಾಡಿ, "ಅಮ್ಮಾ, ಇಷ್ಟೆಲ್ಲ ಎಲ್ಲಿ ನಡೆದೆ?" ಎಂದಳು ಸಂಭ್ರಮದಿಂದ.

ನಿಜ ಹೇಳಲು ಟೈಲರಮ್ಮ ಬಾಯಿ ತೆರೆದದ್ದು ಹೌದು. ಆದರೆ ಮೊಮ್ಮಗಳ ದನಿ ಹಿಂದಿನಿಂದ ಬಂತು: "ಅಜ್ಜಿ ಫಸ್ಟ್! ಅಜ್ಜಿ ಫಸ್ಟ್!" ಬಾಯಿಗೆ ಬಂದದ್ದು ಹಾಗೇ ಕರಗಿಹೋಯಿತು. "ಅಲ್ಲೇ ಇಲ್ಲೇ ಓಡಾಡ್ತಾ ಇದ್ದೆ ಕಣೇ" ಎಂದುಬಿಟ್ಟಳು.

ಮರುದಿನ ಅವಳು ಗಡಿಯಾರವನ್ನು ಕಾಲಿಗೆ ಕಟ್ಟುವುದನ್ನು ಗಂಡ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದು ನೋಡಿದ.

"ಕಾಲ್ಗ್ಯಾಕೆ?"

"ನಡೆಯೋದು ಕಾಲು ತಾನೇ?"

ಅವನು ಅದನ್ನು ಸ್ವಲ್ಪ ಹೊತ್ತು ಯೋಚಿಸಿ, ತಪ್ಪೇನೂ ಕಾಣದೆ, ಮತ್ತೆ ಅಂಗಿಯ ಕಾಲರಿಗೆ ತಿರುಗಿದ.

ಅಲ್ಲಿಂದ ಶುರುವಾಯಿತು ನೋಡಿ. ಮೇಡಂ ಗ್ರೂಪಿನಲ್ಲಿ ಒಂದು ಹೆಬ್ಬೆರಳು ಎತ್ತಿ ತೋರಿಸಿ ಸುಮ್ಮನಾದರು, ಅಷ್ಟೆ. ಆದರೆ ಮರುದಿನದ ಅವರ ಲೆಕ್ಕ ಜಿಗಿಯಿತು. ಟೈಲರಮ್ಮ ಹತ್ತು ಸ್ಕರ್ಟು ಹೆಚ್ಚು ಹೊಲಿದಳು. ಮೇಡಂ ಸಂಜೆಯೂ ಪಾರ್ಕಿಗೆ ಹೋಗತೊಡಗಿದರು. ಇವಳು ರಾತ್ರಿಯ ಕೆಲಸವನ್ನೂ ಹಿಡಿದಳು. ಯೂನಿಫಾರ್ಮುಗಳು ಹೇಳಿದ ದಿನಕ್ಕಿಂತ ಮೊದಲೇ ಸಿದ್ಧವಾಗಿ ಗಿರಾಕಿಗಳು ಕಣ್ಣು ಕಣ್ಣು ಬಿಟ್ಟರು. ಹಿಂದೆಂದೂ ಅಂಥದ್ದು ನಡೆದಿರಲಿಲ್ಲ. ಗೆಲ್ಲುವುದು ಎಷ್ಟು ರುಚಿ ಎಂದು ಟೈಲರಮ್ಮನಿಗೆ ಈ ವಯಸ್ಸಿನಲ್ಲಿ ಗೊತ್ತಾಯಿತು. ಕಿಟಕಿಯಾಚೆ ಮೇಡಂ ದಾಪುಗಾಲು ಹಾಕುತ್ತ ಹೋಗುವುದು ಕಂಡಾಗ ಮಾತ್ರ ಕಣ್ಣು ತಾನಾಗಿ ಹೊಲಿಗೆಗೆ ಇಳಿಯುತ್ತಿತ್ತು. ಒಂದು ದಿನ ಹಾಗೆ ಹೋದವರು ಸ್ವಲ್ಪ ಕುಂಟುತ್ತಿದ್ದಂತೆ ಅನಿಸಿತು. ಕಂಡರೂ ಕಾಣದವಳಂತೆ ಮೆಷಿನ್ ತುಳಿದಳು.

ಎರಡು ದಿನಕ್ಕೆ ಮಗಳ ಫೋನ್ ಬಂತು. "ಅಮ್ಮಾ, ಅತ್ತೆಗೆ ಹಿಮ್ಮಡಿ ನೋವು. ನೆಲಕ್ಕೆ ಕಾಲಿಡೋಕಾಗ್ತಿಲ್ಲ. ಅತಿಯಾಗಿ ನಡೆದಿದೀರಿ ಅಂದ್ರು ಡಾಕ್ಟರು. ಸುಮ್ನೆ ಮಲಗಿರಬೇಕಂತೆ. ಅವರಿಗೆ ಸುಮ್ನೆ ಮಲಗೋದು ಗೊತ್ತೇ ಇಲ್ಲ, ಮುಖ ಇಷ್ಟಾಗಿದೆ. ಬಂದು ಸ್ವಲ್ಪ ಮಾತಾಡಿಸು."

ಟೈಲರಮ್ಮನಿಗೆ ಎದೆಯಲ್ಲಿ ಕತ್ತರಿ ಆಡಿದಂತಾಯಿತು. ಅರ್ಧ ಹೊಲಿದ ತೋಳನ್ನು ಮೆಷಿನ್ನಿನಲ್ಲೇ ಬಿಟ್ಟು ಎದ್ದಳು. ಕಾಲಿನ ಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿದಳು. ಬೇಕರಿಯಲ್ಲಿ ಬ್ರೆಡ್ಡು ಕಟ್ಟಿಸಿಕೊಂಡು, ಕಟ್ಟಡದ ಬಾಗಿಲಿಗೆ ಬಂದರೆ ಲಿಫ್ಟಿನ ಎದುರು ಹಗ್ಗ ಕಟ್ಟಿದ್ದರು. ರಿಪೇರಿ.

ಮೊದಲ ಮಹಡಿಯವರೆಗೆ ಫೋನಿನಲ್ಲಿ ಗಂಡನಿಗೆ ಒಲೆಯ ಮೇಲಿನ ಹಾಲು ಇಳಿಸಲು ಹೇಳುತ್ತ ಹತ್ತಿದಳು. ಅಲ್ಲಿಂದ ಮುಂದೆ ಮಾತು ನಿಂತಿತು. ಎರಡನೇ ಮಹಡಿಯಲ್ಲಿ ಯಾರದೋ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತಳು. ಮೂರನೆಯದರಲ್ಲಿ ಗೋಡೆಗೆ ಒರಗಿದಳು. ನಾಲ್ಕನೆಯದರಲ್ಲಿ ಇಳಿದುಹೋಗೋಣವೇ ಎಂದು ಯೋಚಿಸಿದಳು. ಆದರೆ ಇಳಿಯುವುದೂ ಮೆಟ್ಟಿಲೇ. ಐದನೆಯದರ ಬಾಗಿಲು ತೆರೆದ ಮಗಳು ತಾಯಿಯ ಮುಖ ನೋಡಿ ಹೌಹಾರಿದಳು.

ಮೇಡಂ ಎರಡು ದಿಂಬಿನ ಮೇಲೆ ಕಾಲಿಟ್ಟು ಮಂಚದಲ್ಲಿ ಒರಗಿದ್ದರು. "ಬನ್ನಿ ಬೀಗ್ರೇ. ಲಿಫ್ಟ್ ಬೇರೆ ಇಲ್ಲ. ನಿಮಗೇನು ಬಿಡಿ, ದಿನಾ ಅಷ್ಟು ನಡೆಯೋರು..."

ಟೈಲರಮ್ಮ ಉತ್ತರ ಕೊಡಲು ಕೈ ಎತ್ತಿದಳು. ಕೈ ಎದ್ದಿತು, ಮಾತು ಏಳಲಿಲ್ಲ. ಕುರ್ಚಿಗೆ ಕುಸಿದು ಸೆರಗಿನಿಂದ ಗಾಳಿ ಬೀಸಿಕೊಂಡಳು. ಮೇಡಂ ಅವಳನ್ನೇ ನೋಡುತ್ತಿದ್ದರು. ಓಡಿ ಬಂದ ಹುಡುಗಿಯರ ಏದುಸಿರು ಕೇಳುತ್ತಲೇ ಆಯಸ್ಸು ಕಳೆದವರು ಅವರು.

"ಬೀಗ್ರೇ," ಎಂದರು ಮೆಲ್ಲಗೆ, "ಇದು ನಡೆಯೋರ ಉಸಿರಲ್ಲ."

ಟೈಲರಮ್ಮ ನೀರು ಕುಡಿದಳು. ಲೋಟ ಕೆಳಗಿಟ್ಟು ಒಂದೇ ಉಸಿರಿಗೆ ಹೇಳಿದಳು. "ನಡೆದದ್ದು ನಾನಲ್ಲ ಬೀಗ್ರೇ, ನನ್ನ ಮೆಷಿನ್ನು. ಗಡಿಯಾರ ಕಾಲಿಗೆ ಕಟ್ಕೊಂಡು ಹೊಲೀತಿದ್ದೆ. ಮೊದಲ ದಿನ ಗೊತ್ತಿಲ್ದೆ ಆಯ್ತು, ಆಮೇಲೆ ಗೊತ್ತಿದ್ದೇ ಮಾಡ್ದೆ. ನನ್ನಿಂದ ನಿಮ್ಮ ಕಾಲು ಹೀಗಾಯ್ತು. ಬೈರಿ, ಏನು ಬೇಕಾದ್ರೂ ಬೈರಿ."

ಮೇಡಂ ಗೋಡೆಯ ಕಡೆ ತಿರುಗಿದರು. ಹೆಗಲು ಅಲುಗಿತು. ಅಳುತ್ತಿದ್ದಾರೆಂದುಕೊಂಡು ಟೈಲರಮ್ಮ ಗಾಬರಿಯಿಂದ ಎದ್ದಳು. ಅಷ್ಟರಲ್ಲಿ ಬಂದದ್ದು ನಗು. ಆ ಸೀಟಿಯ ಗಂಟಲಿನಿಂದ ಬಂದ ನಗು ಕಿಟಕಿಯ ಗಾಜನ್ನೂ ನಡುಗಿಸಿತು. ನಕ್ಕ ರಭಸಕ್ಕೆ ಕಾಲು ದಿಂಬಿನಿಂದ ಜಾರಿ, "ಅಯ್ಯಯ್ಯೋ!" ಎಂದು ನರಳಿ, ನರಳುತ್ತಲೇ ಮತ್ತೆ ನಕ್ಕರು.

"ಅಂದ್ರೆ... ನಾನು ಇಷ್ಟು ದಿನ ಪೋಟಿ ಮಾಡಿದ್ದು ಹೊಲಿಗೆ ಮೆಷಿನ್ ಜೊತೆ!"

"ಹೂಂ. ಅದಕ್ಕೆ ಹಿಮ್ಮಡಿ ಇಲ್ಲ ನೋಡಿ, ಅದಕ್ಕೇ ಗೆದ್ದಿತು" ಎಂದಳು ಟೈಲರಮ್ಮ. ಅವಳಿಗೂ ನಗು ತಡೆಯಲಾಗಲಿಲ್ಲ. ಅಡುಗೆಮನೆಯಿಂದ ಓಡಿ ಬಂದ ಮಗಳು, ಇಬ್ಬರು ತಾಯಂದಿರೂ ಕಣ್ಣೊರೆಸಿಕೊಳ್ಳುವುದನ್ನು ಕಂಡು ಏನೂ ಅರ್ಥವಾಗದೆ ಟೀ ತರಲು ವಾಪಸು ಹೋದಳು.

ಟೀ ಕುಡಿಯುವಾಗ ಮೇಡಂ ಗಂಭೀರವಾದರು. "ತಪ್ಪು ನಿಮ್ಮೊಬ್ಬರದೇ ಅಲ್ಲ. ನಿಮ್ಮನ್ನ ಸೋಲಿಸಬೇಕು ಅಂತ ನಾನು ನಡೀಲಿಲ್ಲ. ಕಾಲೇಜಲ್ಲಿದ್ದಾಗ ನಾನು ಓಡ್ತಿದ್ದೆ, ಗೊತ್ತಲ್ಲ. ಆ ಹುಡುಗಿ ಒಬ್ಬಳು ನನ್ನ ತಲೇಲಿ ಕೂತಿದಾಳೆ. ದಿನಾ ಬೆಳಿಗ್ಗೆ ಅವಳ ಜೊತೆ ನನ್ನ ಹೋಲಿಸಿ ನೋಡ್ತೀನಿ. ದಿನಾ ಸೋಲ್ತೀನಿ. ಇನ್ನು ದಿನವಿಡೀ ಕೂತು ಹೊಲಿಯೋರಿಗೂ ಸೋತುಬಿಟ್ರೆ ಅವಳಿಗೆ ಹೇಗೆ ಮುಖ ತೋರಿಸಲಿ, ಹೇಳಿ!"

ಈ ನೆಟ್ಟ ಬೆನ್ನಿನ ಹೆಂಗಸೂ ದಿನಾ ಸೋಲುತ್ತಾರೆಂದು ಟೈಲರಮ್ಮ ಕನಸಿನಲ್ಲೂ ಎಣಿಸಿರಲಿಲ್ಲ. ಪಾರ್ಕಿನ ಬೆಂಚಿನ ಮೇಲೆ ಕೂತಾಗ ತನಗಾದದ್ದು ನೆನಪಾಗಿ, ಅವರ ಮೇಲೆ ಒಂದು ಬಗೆಯ ಅಕ್ಕರೆ ಉಕ್ಕಿತು. ಹೇಗೆ ಸಮಾಧಾನ ಹೇಳಬೇಕೋ ತಿಳಿಯದೆ ತನಗೆ ಗೊತ್ತಿದ್ದ ಮಾತನ್ನೇ ಆಡಿದಳು.

"ನಮ್ಮಂಗಡಿಗೆ ಬರ್ತಾರೆ ಬೀಗ್ರೇ, 'ನನ್ನ ಹಳೇ ಅಳತೆ ನಿಮ್ಮ ಹತ್ರ ಇದೆಯಲ್ಲ, ಅದಕ್ಕೇ ಹೊಲೀರಿ' ಅಂತಾರೆ. ಆಗೋದಿಲ್ಲ, ನಿಂತ್ಕೊಳ್ಳಿ ಅಂತ ಟೇಪು ತಗೋತೀನಿ. ಇವತ್ತಿನ ಮೈಗೆ ಇವತ್ತಿನ ಅಳತೆ. ಪಕ್ಕದವರ ಅಳತೇಗೂ ಹೊಲಿಯೋದಿಲ್ಲ, ಮದುವೆಗೆ ಮುಂಚಿನ ಅಳತೇಗೂ ಹೊಲಿಯೋದಿಲ್ಲ." ಹೇಳಿ ಮುಗಿಸಿ ನಾಲಿಗೆ ಕಚ್ಚಿಕೊಂಡಳು. "ನೋಡಿ, ಗಿರಾಕಿಗೆ ಹೇಳೋದು ಸಲೀಸು. ನಾನು ಮಾತ್ರ ನಿಮ್ಮ ಅಳತೆ ಹಾಕ್ಕೊಂಡು ಒದ್ದಾಡ್ದೆ."

ಮೇಡಂ ಕಪ್ಪು ಕೆಳಗಿಟ್ಟರು. ಅವರೊಳಗಿನ ಆಟದ ಟೀಚರು ಎದ್ದು ಕೂತಂತಿತ್ತು. "ಸರಿ. ಹತ್ತುವಾಗ ಎಲ್ಲೀವರೆಗೆ ಮಾತಾಡ್ತಾ ಬಂದ್ರಿ?"

"ಮೊದಲ ಮಹಡೀವರೆಗೆ. ಆಮೇಲೆ ದನಿ ಸತ್ತೇ ಹೋಯ್ತು."

"ಅದೇ ನಿಮ್ಮ ಅಳತೆ. ಮಾತು ನಿಲ್ಲೋ ಮಹಡಿ. ಮಾತು ನಿಂತ ಕೂಡಲೇ ನೀವೂ ನಿಲ್ಲಿ, ಸುಧಾರಿಸ್ಕೊಂಡು ಹತ್ತಿ. ದಿನಾ ಬನ್ನಿ. ಬೇರೆ ಯಾವ ಲೆಕ್ಕಾನೂ ಬೇಡ."

"ದಿನಾನಾ? ದಿನಾ ಬರಬಹುದಾ?"

"ನಿಮ್ಮ ಮಗಳ ಮನೆ. ಇದನ್ನೂ ನಾನು ಹೇಳಬೇಕಾ?" ಎಂದರು ಮೇಡಂ.

ಮೇಡಂ ಅಳತೆಯನ್ನು ಅವರೇ ಕಂಡುಕೊಂಡರು. ಆ ನೋವಿನ ಗುಣವೇನೆಂದರೆ ಬೆಳಿಗ್ಗೆ ಎದ್ದೊಡನೆ ಇಡುವ ಮೊದಲ ಹೆಜ್ಜೆಗಳೇ ಪ್ರಾಣ ತೆಗೆಯುವುದು. ಮಂಚದಿಂದ ಬಚ್ಚಲಿಗೆ ಗೋಡೆ ಹಿಡಿದೇ ಹೋಗಬೇಕು. ಗೋಡೆಯಿಂದ ಕೈ ಬಿಡಲು ಆಗುವುದೆಲ್ಲಿ ಎಂಬುದೇ ಅವರ ಅಳತೆಯಾಯಿತು. ಮೊದಲ ವಾರ ಬಚ್ಚಲ ಬಾಗಿಲು. ಆಮೇಲೆ ಕನ್ನಡಿ. ಆಮೇಲೆ ಬೀರು. ಓಡುತ್ತಿದ್ದ ಹುಡುಗಿಗೆ ಇದನ್ನೆಲ್ಲ ತೋರಿಸಿದರೆ ನಗುತ್ತಿದ್ದಳೇನೋ. ಆದರೆ ಬೀರುವಿನವರೆಗೆ ಕೈ ಬಿಟ್ಟು ನಡೆದ ದಿನ ಮೇಡಂ ಟೈಲರಮ್ಮನಿಗೆ ಬೆಳಿಗ್ಗೆಯೇ ಫೋನ್ ಮಾಡಿ, ಪದಕ ಬಂದವರ ಹಾಗೆ ಸಾರಿದರು.

ಟೈಲರಮ್ಮ ಮಧ್ಯಾಹ್ನ ಊಟ ಮುಗಿಸಿ, ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ಬರುತ್ತಿದ್ದಳು. ಒಬ್ಬಳೇ ಮಾತಾಡುತ್ತ ಹತ್ತಿದರೆ ಜನ ಏನೆಂದಾರು ಎಂದು ಮೇಡಂಗೆ ಫೋನ್ ಹಚ್ಚಿ, ಆ ದಿನದ ವರ್ತಮಾನ ಶುರು ಮಾಡುತ್ತಿದ್ದಳು. ಆ ತುದಿಯಲ್ಲಿ ಮೇಡಂ ಕಿವಿಗೊಟ್ಟು ಕೂತಿರುತ್ತಿದ್ದರು. ಮಾತು ನಿಂತೊಡನೆ, "ಎಲ್ಲಿ?" ಎನ್ನುವರು. "ಒಂದೂವರೆ" ಎಂದು ಇವಳು ಏದುಸಿರಿನಲ್ಲಿ. "ನಿನ್ನೆ?" "ಒಂದೂಕಾಲು." "ಭೇಷ್!" ಆಮೇಲೆ ಸುಧಾರಿಸಿಕೊಂಡು, ಎರಡನೇ ಮಹಡಿಯಲ್ಲಿ ನಿಂತೇ ಉಳಿದ ವರ್ತಮಾನ ಮುಗಿಸಿ ಮೇಲೆ ಹತ್ತುತ್ತಿದ್ದಳು. ಲಿಫ್ಟ್ ರಿಪೇರಿಯಾಗಿ ಹಗ್ಗ ಬಿಚ್ಚಿದ ಮೇಲೂ ಅವಳು ಅದರ ಕಡೆ ನೋಡಲಿಲ್ಲ. ನಡುವೆ ಒಂದು ಕೆಟ್ಟ ನೆಗಡಿ ಬಂದು, ಮೂರರವರೆಗೆ ಏರಿದ್ದ ಮಾತು ಮತ್ತೆ ಒಂದಕ್ಕೆ ಇಳಿಯಿತು. ಮೊದಲಾಗಿದ್ದರೆ ಅಷ್ಟಕ್ಕೇ ಕೈಚೆಲ್ಲುತ್ತಿದ್ದಳು. ಈಗ ಮೊದಲ ಮಹಡಿಯಲ್ಲೇ ನಿಂತು ಮೂಗೊರೆಸಿಕೊಂಡು, "ಇವತ್ತಿನ ಅಳತೆ ಇಷ್ಟೇ ಬೀಗ್ರೇ, ನಾಳೆ ಬೇರೆ ಟೇಪು ಹಿಡಿಯೋಣ" ಎಂದಳು.

ಇಬ್ಬರೂ ಗಡಿಯಾರ ಬಿಚ್ಚಿಟ್ಟು ಗ್ರೂಪು ಮೌನವಾದದ್ದು ಅಳಿಯನಿಗೆ ಬೇಸರ. "ಏನಮ್ಮಾ, ಅತ್ತೇನೂ ಇಲ್ಲ, ನೀನೂ ಇಲ್ಲ. ಈಗ ಯಾರು ಮುಂದಿದಾರೆ ಅಂತಾನಾದ್ರೂ ಹೇಳು" ಎಂದು ತಾಯಿಯನ್ನು ಪೀಡಿಸಿದ.

"ಇಬ್ಬರೂ" ಎಂದರು ಮೇಡಂ.

"ಅದು ಹೇಗೆ ಆಗತ್ತೆ?"

"ನಿನಗೆ ಗಣಿತ ಯಾವತ್ತೂ ಬರ್ತಿರಲಿಲ್ಲ ಬಿಡು."

ಮುಂದಿನ ರಕ್ತಪರೀಕ್ಷೆಯಲ್ಲಿ ಸಕ್ಕರೆ ಹೊಸ್ತಿಲಿನಿಂದ ಅಂಗಳಕ್ಕೆ ಇಳಿದಿದೆ ಎಂದರು ಡಾಕ್ಟರು. ಟೈಲರಮ್ಮನಿಗೆ ಸಂತೋಷವಾಯಿತು. ಆದರೆ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಇತ್ತು. ಮೊಮ್ಮಗಳು ಈಗ ದಿನವೂ ಅದೇ ಹೊತ್ತಿಗೆ ಬಾಗಿಲ ಬಳಿ ಬಂದು ಅಜ್ಜಿಯ ದನಿ ಮೆಟ್ಟಿಲಲ್ಲಿ ಏರಿ ಬರುವುದನ್ನು ಆಲಿಸುತ್ತ ಕೂರುತ್ತಿದ್ದಳು. ದನಿ ಕೇಳಿದೊಡನೆ ಒಳಗೆ ಓಡಿ ಇನ್ನೊಬ್ಬ ಅಜ್ಜಿಯ ಕೈ ಹಿಡಿದು ಎಳೆತರುತ್ತಿದ್ದಳು.

ಮೇಡಂ ಕಾಲು ಸುಮಾರು ವಾಸಿಯಾದ ಮೇಲೆ, ಒಂದು ದಿನ ಅವರು ಕೆಳಗಿಳಿದು ಬಂದು ಟೈಲರಮ್ಮನ ಜೊತೆಯಲ್ಲೇ ಹತ್ತಿದರು. ಈ ಸಲ ಅವರ ಬೆನ್ನು ಮುಂದೆ ಹೋಗಲಿಲ್ಲ. ಹಿಮ್ಮಡಿಯ ಮೇಲೆ ಒಂದು ಕಣ್ಣಿಟ್ಟು ಒಂದೊಂದೇ ಮೆಟ್ಟಿಲಿಗೆ ಕಾಲಿಟ್ಟು ಹತ್ತುತ್ತಿದ್ದರು. ಟೈಲರಮ್ಮ ಅಂದಿನ ಸುದ್ದಿಯಲ್ಲಿ ಮುಳುಗಿದ್ದಳು. ಇಬ್ಬರು ಗಿರಾಕಿಗಳ ಪ್ಯಾಂಟು ಅದಲುಬದಲಾಗಿ, ಗಿಡ್ಡನೆಯವನು ಉದ್ದನೆಯವನದನ್ನೂ ಉದ್ದನೆಯವನು ಗಿಡ್ಡನೆಯವನದನ್ನೂ ವಾರವಿಡೀ ತೊಟ್ಟು ಓಡಾಡಿ, ಕೊನೆಗೆ ಇಬ್ಬರೂ ಒಟ್ಟಿಗೆ ಅಂಗಡಿಗೆ ಬಂದ ಕಥೆ. ಬಂದವರು ಏನೆಂದರು ಎಂಬಲ್ಲಿಗೆ ಮುಟ್ಟುವಾಗ ಮೇಡಂ ಅವಳ ತೋಳು ಹಿಡಿದು ನಿಲ್ಲಿಸಿದರು.

"ಬೀಗ್ರೇ, ಇದು ಯಾವ ಮಹಡಿ?"

ಟೈಲರಮ್ಮ ಗೋಡೆಯ ಅಂಕಿ ನೋಡಿದಳು. ನಾಲ್ಕು. ಮಾತು ಇನ್ನೂ ನಿಂತಿರಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಒಂದು ಮುದಿ ದನಿ ಬಂತು. ಎರಡನೇ ಮಹಡಿಯ ಅಜ್ಜ ತಮ್ಮ ಬಾಗಿಲಿಂದ ಕತ್ತು ಚಾಚಿ ಮೇಲೆ ನೋಡುತ್ತಿದ್ದರು. "ಅಮ್ಮಾ ತಾಯೀ! ಮೊದಲೆಲ್ಲ ನನ್ನ ಬಾಗಿಲ ಹತ್ರ ನಿಂತು ಪೂರ್ತಿ ಕಥೆ ಹೇಳ್ತಿದ್ರಿ. ಈಗ ಅರ್ಧ ಹೇಳಿ ಮೇಲೆ ಹೋಗಿಬಿಡ್ತೀರಿ. ಆಮೇಲೆ ಏನಾಯ್ತು ಅಂತ ನಾನು ಯಾರನ್ನ ಕೇಳಲಿ? ಉದ್ದನೆಯವನು ಏನಂದ?"

ಇಬ್ಬರು ಬೀಗಿತ್ತಿಯರೂ ಕಂಬಿ ಹಿಡಿದು ನಕ್ಕರು. ಮೇಡಂ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, "ಹೋಗಿ ಬನ್ನಿ, ನಾನಿಲ್ಲೇ ಇರ್ತೀನಿ" ಎಂದರು. ಟೈಲರಮ್ಮ ಎರಡು ಮಹಡಿ ಇಳಿದಳು. ಅಜ್ಜ ಕುರ್ಚಿಯನ್ನು ಬಾಗಿಲಿಗೆ ಎಳೆದುಕೊಂಡು ಕಿವಿಯ ಯಂತ್ರ ಸರಿಮಾಡಿಕೊಂಡರು. ಅರ್ಧದಿಂದ ಹೇಳಿದರೆ ರುಚಿ ಕೆಡುತ್ತದೆಂದು ಅವಳು ಕಥೆಯನ್ನು ಮೊದಲಿನಿಂದ ಶುರು ಮಾಡಿದಳು.